ಮಿಲ್ ಆಫೀಸಿನ ಕಂಪ್ಯೂಟರ್ ತಾನಾಗೇ ರಿಸ್ಟಾರ್ಟ್ ಆಗ್ತೈತಿ, ಎರಡು ಸಲ ಫಾರ್ಮ್ಯಾಟ್ ಮಾಡಿದ್ರೂ ನಿಲ್ಲವಲ್ದು

ಪ್ರಶ್ನೆ, ಗಂಗಾವತಿಯಿಂದ:
ಅಕ್ಕಿ ಮಿಲ್ಲಿನ, ಲಾರಿ ತೂಗೋ ವೇಬ್ರಿಡ್ಜ್ ಆಫೀಸಿನ ಡೆಸ್ಕ್‌ಟಾಪ್. ವಿಂಡೋಸ್ 10, 4 ಜಿಬಿ ರ್‍ಯಾಮ್ ಎರಡು, 256 ಜಿಬಿ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ), 600 ವಿಎ ಯುಪಿಎಸ್. ದಿನಕ್ಕ ಎರಡು-ಮೂರು ಸಲ ಬೀಳ್ತೈತಿ. ಒಮ್ಮೊಮ್ಮೆ ನೀಲಿ ಸ್ಕ್ರೀನ್, ಹೆಚ್ಚಾಗಿ ಕಪ್ಪಾಗಿ ಸೀದಾ ರಿಸ್ಟಾರ್ಟ್. ನೀಲಿ ಬಂದಾಗೂ ಪ್ರತಿ ಸಲ ಎರರ್ ಹೆಸರು ಬ್ಯಾರೆ. ತೂಕದ ಚೀಟಿ ಅರ್ಧಕ್ಕ ನಿಂತ್ರ ಲಾರಿ ಸಾಲುಗಟ್ತಾವು. ಎಲ್ಲಿಂದ ಹಿಡಿದು ನೋಡ್ಬೇಕ್ರಿ?

ಉತ್ತರ, ಸಿಂಧನೂರಿನಿಂದ:
ಮೂರನೇ ಸಲ ಫಾರ್ಮ್ಯಾಟ್ ಮಾಡಬ್ಯಾಡ್ರಿ ಸರ, ಇರೋ ಸಾಕ್ಷಿನೂ ಅಳಿಸಿ ಹೋಗ್ತದ. ವಿಂಡೋಸ್ ಬರದಿಟ್ಟ ದಾಖಲೆ ತೋರ್ಸೋ ಈವೆಂಟ್ ವ್ಯೂವರ್ ತಗದು ವಿಂಡೋಸ್ ಲಾಗ್ಸ್‌ನಾಗ ಸಿಸ್ಟಂ ಒತ್ತಿ, 41 ಅಂತ ಫಿಲ್ಟರ್ ಹಾಕ್ರಿ. ಕರ್ನಲ್-ಪವರ್ ಸಾಲು ಬರ್ತಾವ. ಆ 41 ಕಾರಣ ಅಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಶೀನು ಎದ್ದ ಮ್ಯಾಲೆ ಬರಕೊಂಡಿದ್ದು ಅಷ್ಟ. ಒಳಗ ಡೀಟೇಲ್ಸ್‌ನಾಗ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನಿನ ಎರರ್ ನಂಬರ್) ಎಷ್ಟದ ನೋಡ್ರಿ. ಪವರ್ ಬಟನ್ ಟೈಮ್‌ಸ್ಟಾಂಪ್ ಸೊನ್ನೆ ಇಲ್ಲಂದ್ರ ಯಾರೋ ಬಟನ್ ಒತ್ತಿ ಹಿಡಿದಾರ ಅಂತ ಅರ್ಥ, ಅಂಥವು ಲೆಕ್ಕಕ್ಕ ಬ್ಯಾಡ.

ಗಂಗಾವತಿ:
ಈ ವಾರ ಏಳು ಅದಾವ್ರಿ. ಐದಕ್ಕ ಕೋಡ್ 0, ಒಂದಕ್ಕ 26, ಒಂದಕ್ಕ 80. ಬಟನ್ ಟೈಮ್ ಎಲ್ಲಾದಕ್ಕೂ 0. ಭತ್ತ ಸುಲಿಯೋ ಹಲ್ಲರ್ ಮೋಟರ್ ಶುರು ಮಾಡೋ ಹೊತ್ತಿಗೇ ಹೆಚ್ಚು.

ಉತ್ತರ, ಬಳ್ಳಾರಿಯಿಂದ:
ಹಾಗಿದ್ದರೆ ವಿಂಡೋಸ್ ಬಿಟ್ಟು ಕರೆಂಟಿನ ಕಡೆ ನೋಡಿ. ಆ ಅಂಕಿ ದಶಮಾಂಶದಲ್ಲಿ ಬರುತ್ತೆ: 26 ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 80 ಅಂದರೆ ಪೇಜ್ ಫಾಲ್ಟ್, ಎರಡೂ ಮೆಮೊರಿಗೆ ಸಂಬಂಧಿಸಿದ ಎರರ್. ಕೋಡ್ 0 ಅಂದರೆ ಎರರ್ ಬರೆಯೋಕೂ ವಿಂಡೋಸ್‌ಗೆ ಪುರುಸೊತ್ತು ಸಿಕ್ಕಿಲ್ಲ. ಡ್ರೈವರ್ (ಒಂದು ಉಪಕರಣವನ್ನ ವಿಂಡೋಸ್ ಜೊತೆ ನಡೆಸೋ ಸಾಫ್ಟ್‌ವೇರ್) ಕೆಟ್ಟಿದ್ದರೆ ಸಾಮಾನ್ಯವಾಗಿ ಅದೇ ಕೋಡ್, ಅದೇ ಫೈಲಿನ ಹೆಸರು ಮತ್ತೆ ಮತ್ತೆ ಬರುತ್ತೆ.

ಮೊದಲು ಯುಪಿಎಸ್. ಕಂಪ್ಯೂಟರ್ ತೆಗೆದು ಅದಕ್ಕೆ 100 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಿ, ಗೋಡೆಯ ಪ್ಲಗ್ ಕೀಳಿ. ಬಲ್ಬ್ ಆರಿದರೆ ಒಳಗಿನ 12 ವೋಲ್ಟ್ ಬ್ಯಾಟರಿ ಹೋಗಿದೆ. ಬಲ್ಬ್ ಉರಿಯುತ್ತಲೇ ಇದ್ದು, ಕಂಪ್ಯೂಟರ್ ಹಾಕಿ ಪ್ಲಗ್ ಕಿತ್ತಾಗ ಮಾತ್ರ ಅದು ರಿಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಸಾಮಾನ್ಯ ಯುಪಿಎಸ್ ಬ್ಯಾಟರಿಗೆ ಬದಲಾಗೋಕೆ ಸುಮಾರು 4ರಿಂದ 10 ಮಿಲಿಸೆಕೆಂಡ್ ಬೇಕು. ಒಳ್ಳೆ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ 16 ಮಿಲಿಸೆಕೆಂಡ್ ತಡೆಯುತ್ತೆ. ಒಳಗೆ ಕರೆಂಟ್ ಹಿಡಿದಿಡೋ ಕೆಪಾಸಿಟರ್ ಒಣಗಿದ್ದು ಅಷ್ಟು ತಡೆಯಲ್ಲ, ಮೋಟರ್ ಎಳೆದು ವೋಲ್ಟೇಜ್ ಕುಸಿದಾಗಲೇ ಕೈಬಿಡುತ್ತೆ.

ಮಲ್ಟಿಮೀಟರಿನಲ್ಲಿ ಹಳದಿ-ಕಪ್ಪು ತಂತಿ ನಡುವೆ 11.4ರಿಂದ 12.6, ಕೆಂಪು-ಕಪ್ಪು ನಡುವೆ 4.75ರಿಂದ 5.25 ಬರಬೇಕು. ಸರಿ ಬಂತು ಅಂತ ಬಿಡಬೇಡಿ, ಕ್ಷಣದ ಕುಸಿತ ಮೀಟರಿಗೆ ಕಾಣಲ್ಲ. ಬೇರೆ ಎಸ್‌ಎಂಪಿಎಸ್ ಎರಡು ದಿನ ಹಾಕಿ ನೋಡೋದೇ ಖಾತ್ರಿ ಪರೀಕ್ಷೆ. ಪ್ಲಗ್‌ಪಾಯಿಂಟಿನಲ್ಲಿ ಅರ್ಥ್-ನ್ಯೂಟ್ರಲ್ ನಡುವೆ 2-3 ವೋಲ್ಟ್ ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ. ನಮ್ಮ ಕಡೆ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗುತ್ತೆ, ನೀರು ಹಾಕಿಸಬೇಕು.

ಕ್ಯಾಬಿನೆಟ್ ಬಿಚ್ಚಿದಾಗ ಪ್ರೊಸೆಸರ್ ತಣ್ಣಗಿಡೋ ಹೀಟ್‌ಸಿಂಕ್ ನೋಡಿ. ತೌಡಿನಲ್ಲಿ ಎಣ್ಣೆ ಇರೋದರಿಂದ ಆ ಧೂಳು ಫ್ಯಾನಿನ ಕೆಳಗೆ ಕಂಬಳಿ ಥರ ಮೆತ್ತಿರುತ್ತೆ, ಬ್ಲೋವರ್‌ಗೆ ಹಾರಲ್ಲ. ಫ್ಯಾನ್ ಬಿಚ್ಚಿ ಬ್ರಷ್‌ನಿಂದ ಕೆರೆದು ತೆಗೆಯಿರಿ. ಹೀಟ್‌ಸಿಂಕನ್ನೇ ಎತ್ತಿದರೆ ಹೊಸ ಥರ್ಮಲ್ ಪೇಸ್ಟ್ ಕಡ್ಡಾಯ.

ರ್‍ಯಾಮ್ ಆಮೇಲೆ. ಕರೆಂಟು ಸರಿ ಇಲ್ಲದಾಗ ಒಳ್ಳೆ ರ್‍ಯಾಮೂ ತಪ್ಪು ತೋರಿಸಬಹುದು. ಎಸ್‌ಎಂಪಿಎಸ್ ಬದಲಿಸಿದ ಮೇಲೆ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ನಾಲ್ಕು ಪಾಸ್ (ಪೂರ್ತಿ ಸುತ್ತು) ಓಡಿಸಿ. ಒಂದೇ ಒಂದು ಎರರ್ ಬಂದರೂ, ಒಂದೊಂದೇ ಸ್ಟಿಕ್ ಅದೇ ಸ್ಲಾಟಿಗೆ ಹಾಕಿ ಮತ್ತೆ ಓಡಿಸಿ.

ಗಂಗಾವತಿ:
ಬಲ್ಬ್ ಉರಿತೈತಿ, ಕಂಪ್ಯೂಟರ್ ಬಿದ್ದುಬಿಡ್ತೈತಿ. ನಾಳೆ ಎಸ್‌ಎಂಪಿಎಸ್ ಬದಲಿ ಮಾಡ್ತೀನ್ರಿ. ವೇಬ್ರಿಡ್ಜಿನ ಯುಎಸ್‌ಬಿ ಕನ್ವರ್ಟರ್ ಡ್ರೈವರ್ ಮ್ಯಾಲೂ ಅನುಮಾನ ಐತಿ, ಡ್ರೈವರ್ ಪರೀಕ್ಷೆ ಮಾಡೋ ವಿಂಡೋಸಿನ ಡ್ರೈವರ್ ವೆರಿಫೈಯರ್ ಹಾಕ್ಲೇನು?

ಸಿಂಧನೂರು:
ಈಗಲೇ ಬ್ಯಾಡ್ರಿ. ಎರಡೂ ಒಮ್ಮೆಲೇ ಬದಲಿಸಿದ್ರ ಯಾವುದರಿಂದ ಸರಿ ಆತು ಅಂತ ತಿಳಿಯಂಗಿಲ್ಲ. ವೆರಿಫೈಯರ್ ಬೇಕಂತಲೇ ನೀಲಿ ಸ್ಕ್ರೀನ್ ತರ್ತದ, ಲಾರಿ ನಿಂತಾಗಂತೂ ಹಾಕಬ್ಯಾಡ್ರಿ. ಎಸ್‌ಎಂಪಿಎಸ್ ಬದಲಿಸಿದ ಮ್ಯಾಲೂ ನೀಲಿ ಬಂದ್ರ ಸಿ ಡ್ರೈವಿನ ವಿಂಡೋಸ್ ಫೋಲ್ಡರ್‌ನಾಗ ಮಿನಿಡಂಪ್ ಅಂತ ಫೋಲ್ಡರ್ ಇರ್ತದ, ಅದರಾಗ ನೀಲಿ ಸ್ಕ್ರೀನ್ ಬಂದಾಗ ಬರಕೊಂಡ ಫೈಲ್ ಇಲ್ಲಿ ಹಾಕ್ರಿ. ಅಲ್ಲಿ ಖಾಲಿ ಇದ್ರ ಸಿ ಡ್ರೈವಿನಾಗ ಪೇಜ್‌ಫೈಲ್ (ಆ ದಾಖಲೆ ಬರೆಯಾಕ ವಿಂಡೋಸ್‌ಗೆ ಬೇಕಾಗೋ ಫೈಲ್) ಬಂದ್ ಮಾಡ್ಯಾರೇನು, ಕ್ಲೀನರ್ ಆ್ಯಪ್ ಅಳಿಸ್ತದೇನು ನೋಡ್ರಿ.