ಆರ್ಮರ್ಡ್ ಕೇಬಲ್ ಮತ್ತು ಲೋಹದ ಬಾಕ್ಸಿನ ಅರ್ಥಿಂಗ್: ಎಂಜಿನಿಯರರಿಗೆ ಪ್ರಶ್ನೆಗಳು

ಹಳೆಮನೆಯ ಸದಸ್ಯರು: ಸರ್, ನಮ್ಮ ಹಳೆಯ ಮನೆಯಲ್ಲಿ ಸ್ವಿಚ್‌ಬೋರ್ಡಿನ ಕಬ್ಬಿಣದ ಬಾಕ್ಸ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಒಳಗಿರುವುದು ಉಕ್ಕಿನ ಪಟ್ಟಿ ಸುತ್ತಿದ ಹಳೆಯ ಆರ್ಮರ್ಡ್ ಕೇಬಲ್. ಅದರಲ್ಲಿ ಫೇಸ್ ಮತ್ತು ನ್ಯೂಟ್ರಲ್ ಮಾತ್ರ ಇವೆ. ಮೇನ್ ಆಫ್ ಮಾಡಿ ಬಾಕ್ಸಿನಿಂದ ಮೇನ್ ಬೋರ್ಡಿನ ಅರ್ಥ್‌ವರೆಗೆ ಮಲ್ಟಿಮೀಟರ್ ಹಿಡಿದಾಗ ಬೀಪ್ ಬಂತು. ಕವಚವೇ ಅರ್ಥ್ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದೇ?

ಎಂಜಿನಿಯರ್: ಮೇನನ್ನು ಮತ್ತೆ ಆನ್ ಮಾಡಿದ್ದರೆ ದಯವಿಟ್ಟು ಮೊದಲು ಆಫ್ ಮಾಡಿ, ನಂತರ ಮುಂದೆ ಓದಿ. ಹಾಗೆ ತಿಳಿಯಬಾರದು. ಬೀಪ್ ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ಅತ್ಯಲ್ಪ ಕರೆಂಟ್. ದಾರಿಯಲ್ಲಿ 30 ಓಮ್ ತಡೆ ಇದ್ದರೂ ಅನೇಕ ಮೀಟರ್‌ಗಳು ಬೀಪ್ ಮಾಡುತ್ತವೆ. 230 ವೋಲ್ಟ್‌ನ ಫೇಸ್ ಬಾಕ್ಸಿಗೆ ತಗುಲಿದಾಗ ಆ 30 ಓಮ್ ದಾರಿಯಲ್ಲಿ ಹರಿಯುವುದು ಸುಮಾರು 7.7 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್) ಅದನ್ನು ಸಾಮಾನ್ಯ ಲೋಡ್ ಎಂದೇ ಎಣಿಸಿ ಸುಮ್ಮನಿರುತ್ತದೆ. ಇತ್ತ ಕವಚದ ತುಕ್ಕು ಹಿಡಿದ ಜಾಗಗಳಲ್ಲಿ 1,700 ವ್ಯಾಟ್‌ಗೂ ಹೆಚ್ಚಿನ ಶಾಖ ಹುಟ್ಟುತ್ತದೆ.

ಹೊಸ ಬಗೆಯ ಪಟ್ಟಿ ಕವಚದ ಕೆಲವು ಕೇಬಲ್‌ಗಳಲ್ಲಿ ಕವಚದ ಒಳಮೈಗೆ ತಾಗಿಕೊಂಡು ತೆಳುವಾದ ಅಲ್ಯೂಮಿನಿಯಂ ಪಟ್ಟಿಯೊಂದು ಉದ್ದಕ್ಕೂ ಇರುತ್ತದೆ. ಅದು ಸುತ್ತುಗಳನ್ನು ಬೆಸೆದು ಕರೆಂಟಿಗೆ ನೇರ ದಾರಿ ಕೊಡುತ್ತದೆ. ಆ ಪಟ್ಟಿಯಿಲ್ಲದ ಹಳೆಯ ಕೇಬಲ್‌ನಲ್ಲಿ ಸುತ್ತುಗಳ ನಡುವೆ ತುಕ್ಕು ಸೇರಿದರೆ, ಕರೆಂಟು ಸ್ಪ್ರಿಂಗಿನಂತೆ ಸುತ್ತಿ ಸುತ್ತಿ ಸಾಗಬೇಕಾಗುತ್ತದೆ. ಕವಚವನ್ನು ಕತ್ತರಿಸಿದ ತುದಿಯಲ್ಲಿ ಅಂಚನ್ನು ಮುಚ್ಚುವ ಪ್ಲಾಸ್ಟಿಕ್ ಉಂಗುರ, ಅಂದರೆ ಬುಷ್ ಇದೆಯೇ? ಇಲ್ಲದಿದ್ದರೆ ಹರಿತವಾದ ಅಂಚು ವೈರಿನ ಇನ್ಸುಲೇಶನ್ ಕೊರೆದಿರಬಹುದು ಎಂಬುದು ನನ್ನ ಮೊದಲ ಅನುಮಾನ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಇನ್ಸುಲೇಶನ್ ಮತ್ತು ಅರ್ಥ್ ಲೂಪ್ (ಫಾಲ್ಟ್ ಕರೆಂಟು ಹೋಗಿ ಮರಳುವ ಇಡೀ ದಾರಿಯ ತಡೆ) ಎರಡನ್ನೂ ಅಳೆಯಿಸಿ.

ಎರಡನೆಯ ಸದಸ್ಯರು: ಹೊಸ ಕೇಬಲ್‌ನಲ್ಲಿ ಹಸಿರು ಅರ್ಥ್ ವೈರ್ ಇದೆ. ಅದನ್ನು ಬಾಕ್ಸಿಗೆ ಜೋಡಿಸಬೇಕೇ, ಸಾಕೆಟ್ಟಿಗೆ ಜೋಡಿಸಬೇಕೇ?

ಎಂಜಿನಿಯರ್: ಎರಡಕ್ಕೂ. ಒಂದು ಕನೆಕ್ಟರ್‌ನಿಂದ ಎರಡು ತುಂಡು ವೈರ್ ತೆಗೆದು ಒಂದನ್ನು ಬಾಕ್ಸಿನ ಅರ್ಥ್ ಸ್ಕ್ರೂಗೆ, ಇನ್ನೊಂದನ್ನು ಸಾಕೆಟ್ಟಿಗೆ ಬಿಗಿಯಿರಿ. ಆಗ ಸಾಕೆಟ್ ಬಿಚ್ಚಿದರೂ ಬಾಕ್ಸಿನ ಅರ್ಥ್ ಕಳಚುವುದಿಲ್ಲ. ಸ್ಕ್ರೂ ಕೂರುವಲ್ಲಿ ಬಣ್ಣ ಕೆರೆಯಿರಿ.

ಮೂರನೆಯ ಸದಸ್ಯರು: ಉಕ್ಕಿನ ತಂತಿಯ ಕವಚಕ್ಕೆ ಎರಡೂ ತುದಿಯಲ್ಲಿ ಅರ್ಥ್ ಕೊಡಬೇಕೇ, ಒಂದೇ ತುದಿ ಸಾಕೇ?

ನಾಲ್ಕನೆಯ ಸದಸ್ಯರು: ಅರ್ಥ್ ವೈರ್ ಇಲ್ಲದಿದ್ದರೆ ನ್ಯೂಟ್ರಲ್‌ನಿಂದ ಬಾಕ್ಸಿಗೆ ಒಂದು ತುಂಡು ವೈರ್ ಹಾಕಿದರೆ ಸಾಕು ಎಂಬ ವಿಡಿಯೊ ನನಗೆ ಬಂದಿದೆ, ಇಲ್ಲಿ ಹಂಚಿದ್ದೇನೆ.

ಎಂಜಿನಿಯರ್: ಆ ವಿಡಿಯೊವನ್ನು ಈಗಲೇ ಅಳಿಸಿ. ದಾರಿಯಲ್ಲೆಲ್ಲೋ ನ್ಯೂಟ್ರಲ್ ತುಂಡಾದರೆ, ಆನ್ ಆಗಿರುವ ಬಲ್ಬಿನ ಮೂಲಕವೇ ಬಾಕ್ಸಿಗೆ ಫೇಸ್ ಬರುತ್ತದೆ, ಯಾವ ಎಂಸಿಬಿಯೂ ಬೀಳುವುದಿಲ್ಲ. ಇಂಥದ್ದನ್ನು ಹಂಚುವ ಮುನ್ನ ಒಮ್ಮೆ ಕೇಳಬಾರದೇ? ಮುಟ್ಟುವವರು ನಿಮ್ಮ ಮನೆಯ ಮಕ್ಕಳೇ ಆಗಿರಬಹುದು.

ಐದನೆಯ ಸದಸ್ಯರು: ಇಷ್ಟೆಲ್ಲ ಏಕೆ? ಬಾಕ್ಸಿನ ಹತ್ತಿರವೇ ನೆಲಕ್ಕೆ ಒಂದು ರಾಡ್ ಹೊಡೆದು ಜೋಡಿಸಿದರಾಯಿತು. ನಾವು ಹಾಗೆಯೇ ಮಾಡಿದ್ದೇವೆ, ಇಷ್ಟು ವರ್ಷ ಏನೂ ಆಗಿಲ್ಲ.

ಎರಡನೆಯ ಸದಸ್ಯರು: ಏನೂ ಆಗಿಲ್ಲ ಎನ್ನುವುದು ಪರೀಕ್ಷೆಯಲ್ಲ. ಫಾಲ್ಟ್ ಬಂದ ದಿನವೇ ಅದು ತಿಳಿಯುವುದು.

ಐದನೆಯ ಸದಸ್ಯರು: ನಿನ್ನೆಯಷ್ಟೇ ಸ್ಕ್ರೂ ಎಲ್ಲಿ ಹಾಕಬೇಕೆಂದು ಕೇಳಿದವರು ಇಂದು ನನಗೆ ಪಾಠ ಹೇಳುತ್ತಿದ್ದೀರಿ. ಅರ್ಥ್ ಎಂದರೆ ಭೂಮಿ, ಕರೆಂಟು ಭೂಮಿಗೆ ಹೋಗಲೇಬೇಕು.

ಎಂಜಿನಿಯರ್: ಫಾಲ್ಟ್ ಕರೆಂಟು ಮರಳಬೇಕಾದದ್ದು ಅದು ಹೊರಟ ಟ್ರಾನ್ಸ್‌ಫಾರ್ಮರಿಗೆ. ನಿಮ್ಮ ರಾಡಿನ ತಡೆ 20 ಓಮ್ ಎಂದಿಟ್ಟುಕೊಂಡರೆ ಹರಿಯುವುದು 11.5 ಆಂಪಿಯರ್, ಸಿ ವರ್ಗದ 16 ಆಂಪಿಯರ್ ಎಂಸಿಬಿ ಆ ಕ್ಷಣವೇ ಬೀಳಬೇಕಾದರೆ 160 ಆಂಪಿಯರ್‌ವರೆಗೂ ಬೇಕಾಗಬಹುದು. ಬಾಕ್ಸ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜಿನಲ್ಲೇ ನಿಂತಿರುತ್ತದೆ. ಲೆಕ್ಕ ನಿಮ್ಮ ಮುಂದಿದೆ, ಇದರ ಮೇಲೆ ನಾನು ವಾದಿಸುವುದಿಲ್ಲ.

ಆರನೆಯ ಸದಸ್ಯರು: ಸರ್, ಅರ್ಥ್ ವೈರನ್ನು ಸಾಕೆಟ್ಟಿಗಷ್ಟೇ ಕೊಟ್ಟರೆ ಸಾಲದೇ?

ಎಂಜಿನಿಯರ್: ಸಾಲದು. ಮೇಲೆ ಓದಿ.

ಮೂರನೆಯ ಸದಸ್ಯರು: ನನ್ನ ಪ್ರಶ್ನೆಯನ್ನು ಯಾರೂ ನೋಡಿಲ್ಲವೆಂದು ಕಾಣುತ್ತದೆ. ಕವಚಕ್ಕೆ ಎರಡೂ ತುದಿಯೇ, ಒಂದೇ ತುದಿಯೇ?

ಹಳೆಮನೆಯ ಸದಸ್ಯರು: ಸರ್, ಮೇನ್ ಆಫ್ ಇದೆ. ಎಲೆಕ್ಟ್ರಿಷಿಯನ್ ಬಂದು ಬಾಕ್ಸ್ ಬಿಚ್ಚಿದರು. ಬುಷ್ ಇರಲಿಲ್ಲ, ಫೇಸ್ ವೈರ್ ಅಂಚಿಗೆ ಒತ್ತಿ ಇನ್ಸುಲೇಶನ್ ಕಪ್ಪಾಗಿದೆ. ಟೇಪ್ ಸುತ್ತಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿಸಿದರೆ ನಡೆಯುತ್ತದೆಯೇ?

ಎಂಜಿನಿಯರ್: ಟೇಪ್ ಬೇಡ. 30 ಮಿಲಿಆಂಪಿಯರ್ ಆರ್‌ಸಿಸಿಬಿ ಖಂಡಿತ ಹಾಕಿಸಿ, ಅದು ಜೀವ ಉಳಿಸಬಲ್ಲದು. ಆದರೆ ಅದು ಅರ್ಥ್ ಅಲ್ಲ. ಆ ಕೇಬಲ್ಲನ್ನು ಪೂರ್ತಿ ತೆಗೆಸಿ, ಒಳಗೇ ಅರ್ಥ್ ವೈರ್ ಇರುವ ಹೊಸದನ್ನು ಎಳೆಸಿ. ಅಲ್ಲಿಯವರೆಗೆ ಆ ಸರ್ಕ್ಯೂಟನ್ನು ಮೇನ್ ಬೋರ್ಡಿನಲ್ಲಿ ಕಳಚಿಯೇ ಇಡಲಿ.