ಬೆಂಗಳೂರು–ಟೋಕಿಯೊ ಹಾರಾಟ: ವಿಮಾನದ ದಾರಿ, ಇಂಧನ ಯೋಜಿಸುವ ಡಿಸ್ಪ್ಯಾಚರ್‌ಗೆ ಕೇಳಿ

ಕಿಟಕಿ ಸೀಟು: ಸರ್, ಟೋಕಿಯೊ ಎಷ್ಟು ದೂರ? ಟಿಕೆಟ್‌ನಲ್ಲಿ ರಾತ್ರಿ 2ಕ್ಕೆ ಹೊರಟು ಮಧ್ಯಾಹ್ನ 1.30ಕ್ಕೆ ಇಳಿಯೋದು ಅಂತಿದೆ. ಹನ್ನೊಂದೂವರೆ ಗಂಟೆ ಕೂರಬೇಕಾ?

ಡಿಸ್ಪ್ಯಾಚರ್: ಟೋಕಿಯೊದ ನರಿಟಾ ವಿಮಾನ ನಿಲ್ದಾಣಕ್ಕೆ ನೇರ ಅಳತೆ ಸುಮಾರು 6,700 ಕಿ.ಮೀ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಕಳೆಯಿರಿ, ಎಂಟು ಗಂಟೆ.

ಲೆಕ್ಕಿಗ: ವಾಪಸ್ ಸಂಜೆ 6ಕ್ಕೆ ಹೊರಟು ರಾತ್ರಿ 12.30ಕ್ಕೆ ಬೆಂಗಳೂರು. ಬರೀ ಆರೂವರೆ! ಭೂಮಿ ತಿರುಗಿ ಊರೇ ಎದುರಿಗೆ ಬರುತ್ತೆ ಅಂತ ಬಂದಿದ್ದ ಫಾರ್ವರ್ಡ್ ಸರಿಯಿದೆ.

ಡಿಸ್ಪ್ಯಾಚರ್: ಸರಿಯಿಲ್ಲ. ವಾಪಸ್ ಬರುವಾಗ ಮೂರೂವರೆ ಕೂಡಿಸಬೇಕು: ಹತ್ತು ಗಂಟೆ. ವಾತಾವರಣವೂ ಭೂಮಿಯ ಜೊತೆಗೇ ತಿರುಗುತ್ತೆ. ವ್ಯತ್ಯಾಸ ಮಾಡೋದು ಜೆಟ್ ಸ್ಟ್ರೀಮ್, ಅಂದರೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದ್ಕೊಳ್ಳಿ. ಬೆನ್ನಿಗೆ 100ರ ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 1,000, ಎದುರಾದರೆ 800. ಚಳಿಗಾಲದಲ್ಲಿ ಜಪಾನಿನ ಮೇಲೆ ಈ ಗಾಳಿ ತುಂಬ ಜೋರು.

ಅಟ್ಲಾಸ್: ದೆಹಲಿಯಿಂದ ಇನ್ನೂ ಹತ್ತಿರ, ಸುಮಾರು 5,900 ಕಿ.ಮೀ. ನೇರ ಗೆರೆ ಟಿಬೆಟ್ ಮೇಲೆ. ಹಾಗೇ ಯಾಕೆ ಹೋಗಲ್ಲ?

ಲೆಕ್ಕಿಗ: ಚೀನಾ ಬಿಡಲ್ಲ, ಅಷ್ಟೇ.

ಅಟ್ಲಾಸ್: ಚೀನಾದ ಮೇಲೆ ದಿನಾ ಹಾರ್ತಾರೆ ಮಾರಾಯ್ರೆ. ನಕ್ಷೆ ನೋಡಿ ಮಾತಾಡಿ.

ಡಿಸ್ಪ್ಯಾಚರ್: ಕ್ಯಾಬಿನ್ ಒತ್ತಡ ಬಿದ್ದರೆ 10,000 ಅಡಿಗೆ ಇಳಿಯಬೇಕು, ಪ್ರಯಾಣಿಕರ ಮಾಸ್ಕಿನ ಆಮ್ಲಜನಕ ಕೆಲವೇ ನಿಮಿಷ ಬರುತ್ತೆ. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್, ಅಂದರೆ ಸುಮಾರು 14,800 ಅಡಿ. ಎಲ್ಲಿಗೆ ಇಳಿಸ್ತೀರಿ?

ಸೂಟ್‌ಕೇಸ್: ನಾನು 1.30ಕ್ಕೆ ನರಿಟಾ. ಸಂಜೆ 5ಕ್ಕೆ ಹನೇಡಾದಿಂದ ಕೊರಿಯಾದ ಸೋಲ್ ನಗರಕ್ಕೆ, ಬೇರೆ ಟಿಕೆಟ್. ಜಪಾನ್ ನೋಡಲ್ಲ, ಹಾಗಾಗಿ ವೀಸಾ ಮಾಡಿಸಿಲ್ಲ. ಮೂರೂವರೆ ಗಂಟೆ ಸಾಕಲ್ವಾ?

ಡಿಸ್ಪ್ಯಾಚರ್: ಸಾಲಲ್ಲ. ಮೊದಲು ವೀಸಾ ವಿಷಯ. ನರಿಟಾ, ಹನೇಡಾ ಎರಡು ಬೇರೆ ನಿಲ್ದಾಣ, ಒಂದಕ್ಕೊಂದು ದೂರ. ಒಂದರಿಂದ ಇನ್ನೊಂದಕ್ಕೆ ಹೋಗಲು ಜಪಾನ್ ಒಳಗೆ ಕಾಲಿಡಲೇಬೇಕು, ಭಾರತೀಯ ಪಾಸ್‌ಪೋರ್ಟಿಗೆ ವೀಸಾ ಬೇಕು. ಇಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ನಿಮ್ಮನ್ನು ನಿಲ್ಲಿಸ್ತಾರೆ. ಕೊರಿಯಾ ವೀಸಾ ಬೇರೆ.

ಇನ್ನು ಸಮಯ. ಇಮಿಗ್ರೇಷನ್, ಬ್ಯಾಗು, ಕಸ್ಟಮ್ಸ್ ಮುಗಿಸಿ ಹೊರಬರೋಷ್ಟರಲ್ಲಿ 2.45. ಬಸ್ಸು ಕಾಯೋದು ಕಾಲು ಗಂಟೆ. ರಸ್ತೆ 75 ನಿಮಿಷ, ಟ್ರಾಫಿಕ್ ಇದ್ದರೆ ಹೆಚ್ಚು. ಹನೇಡಾ ಮುಟ್ಟುವಾಗ 4.15. ಅಂತರರಾಷ್ಟ್ರೀಯ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ, 4ಕ್ಕೇ ಮುಚ್ಚಿರುತ್ತೆ. ಬೇರೆ ಬೇರೆ ಟಿಕೆಟ್ ಆದ್ದರಿಂದ ಎರಡೂ ಕಂಪನಿ ಕೈತೊಳ್ಕೊಳ್ತಾವೆ. ನರಿಟಾದಿಂದಲೇ ಸೋಲ್‌ಗೆ ವಿಮಾನ ಇದೆ. ಬೆಂಗಳೂರಿಂದ ಸೋಲ್‌ವರೆಗೆ ಒಂದೇ ಟಿಕೆಟ್ ಮಾಡಿಸಿ. ಇವತ್ತೇ.

ಕಿಟಕಿ ಸೀಟು: ಫ್ಯೂಜಿ ಯಾವ ಕಡೆ ಕಾಣುತ್ತೆ?

ಶುಭೋದಯ: "ದೂರದ ಹಾರಾಟದಲ್ಲಿ ಕಿವಿ ನೋವಿಗೆ ಮೂಗಿನ ಶೀತದ ಮಾತ್ರೆ ಒಂದು ಸ್ಟ್ರಿಪ್ ಇಟ್ಟುಕೊಳ್ಳಿ. ಎಲ್ಲರಿಗೂ ಕಳಿಸಿ."

ಡಿಸ್ಪ್ಯಾಚರ್: ಯಾರಿಗೂ ಕಳಿಸಬೇಡಿ. ಕೆಲವು ಶೀತದ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಔಷಧಿ ಜಪಾನಿನಲ್ಲಿ ನಿಷಿದ್ಧ. ಸ್ಟ್ರಿಪ್ ಹಿಂದೆ ಬರೆದಿರೋದನ್ನ ಓದದೆ ಚೀಲಕ್ಕೆ ಹಾಕಬೇಡಿ. ಕಿವಿ ನೋವಿಗೆ, ವಿಮಾನ ಇಳಿಯುವಾಗ ಎಂಜಲು ನುಂಗ್ತಾ ಇರಿ, ಆಕಳಿಸಿ.

ಶುಭೋದಯ: ಒಳ್ಳೇದಕ್ಕೇ ಹೇಳಿದ್ದು. ಇಷ್ಟು ಸಿಟ್ಟು ಯಾಕೆ?

ಅಟ್ಲಾಸ್: ಕಸ್ಟಮ್ಸ್‌ನವರಿಗೂ ಇದನ್ನೇ ಹೇಳಿ.

ಹೊಸಬ: ಬೆಂಗಳೂರು–ಟೋಕಿಯೊ ಎಷ್ಟು ಗಂಟೆ ಸರ್?

ಡಿಸ್ಪ್ಯಾಚರ್: ಹೋಗೋದು 8, ಬರೋದು 10. ಮೇಲೆ ಓದಿ.

ಲೆಕ್ಕಿಗ: ಆದ್ರೂ ಭೂಮಿ ತಿರುಗೋದು ಸುಳ್ಳಾ?

ಸೂಟ್‌ಕೇಸ್: ಸರ್, ಹನೇಡಾ ಟಿಕೆಟ್ ನಾನ್-ರೀಫಂಡಬಲ್ ಅಂತಿದೆ. ಈಗೇನು ಮಾಡಲಿ?