ಏಪ್ರಿಲ್‌ನಲ್ಲಿ ಮಸಾಯಿ ಮಾರಾ ಅರ್ಧ ರೇಟು ಅಂತೆ, ಹೋಗಬಹುದಾ?

ಕಲಬುರಗಿ ಬಿಸಿಲು

ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ರಜೆಗೆ ಈ ಸಲ ಕೀನ್ಯಾಕ್ಕೆ ಹೋಗಿ, ಅಲ್ಲಿನ ಮಸಾಯಿ ಮಾರಾ ವನ್ಯಧಾಮ ನೋಡೋಣ ಅಂತಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ 66 ವರ್ಷದ ಅಪ್ಪ. ಏಪ್ರಿಲ್ ಕೊನೆಗೆ ಹೋದರೆ ಅರ್ಧ ರೇಟು, ಜನ ಕಡಿಮೆ, ಮಳೆ ಬಂದರೂ ಸಂಜೆ ಸ್ವಲ್ಪ ಹೊತ್ತು ಅಷ್ಟೇ ಅಂತ ಏಜೆಂಟ್ ಹೇಳುತ್ತಾನೆ. ಇಲ್ಲಿ 42 ಡಿಗ್ರಿಯಲ್ಲಿ ಬೇಯೋದಕ್ಕಿಂತ ಅಲ್ಲಿ ನೆನೆಯೋದೇ ವಾಸಿ ಅನಿಸುತ್ತಿದೆ. ನಾವು ಇದುವರೆಗೆ ನೋಡಿದ ಕಾಡು ಅಂದರೆ ಚಿಂಚೋಳಿಯದ್ದೊಂದೇ, ಅದೂ ಚಂದ್ರಂಪಳ್ಳಿ ಡ್ಯಾಮಿಗೆ ಹೋದಾಗ. ಹೋಗಿ ಬಂದವರಿದ್ದರೆ ಹೇಳಿ. ಸಿಂಹದ ಫೋಟೊ ಬೇಡ, ಏನೇನು ಎಡವಟ್ಟಾಯ್ತು ಅದು ಬೇಕು.

ಜೇವರ್ಗಿ ತೊಗರಿ

ಹೋಗಬೇಡಿ ಅಣ್ಣಾ. ನಾನೂ ಇದೇ ಅರ್ಧ ರೇಟಿನ ಆಸೆಗೆ ಬಿದ್ದು ಏಪ್ರಿಲ್‌ನಲ್ಲೇ ಹೋಗಿದ್ದೆ. ಅಲ್ಲಿ ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ನೆನೆಯೋದೇನೂ ಕಷ್ಟ ಅಲ್ಲ, ಕಷ್ಟ ಇರೋದು ಮಣ್ಣಿನದು. ಮಾರಾದಲ್ಲಿ ಬಹಳ ಕಡೆ ಎರೆಮಣ್ಣು ರೀ, ಥೇಟ್ ನಮ್ಮ ತೊಗರಿ ಹೊಲದ್ದು! ಒಣಗಿದರೆ ಬಿರುಕು, ನೆನೆದರೆ ಉಬ್ಬಿ ಅಂಟು. ಡ್ರೈವರ್ ಅದಕ್ಕೆ 'ಬ್ಲ್ಯಾಕ್ ಕಾಟನ್' ಅಂದಾಗ ನನಗೆ ನಗು ಬಂತು, ಇಷ್ಟು ದುಡ್ಡು ಸುರಿದು ನಮ್ಮ ಹೊಲಕ್ಕೇ ಬಂದೆನಾ ಅಂತ.

ಎರಡನೇ ದಿನ ಬೆಳಿಗ್ಗೆ, ರಾತ್ರಿಯೆಲ್ಲ ಮಳೆ ಸುರಿದಿತ್ತು, ರೇಡಿಯೊದಲ್ಲಿ ಚೀತಾ ಇದೆ ಅಂತ ಸುದ್ದಿ ಬಂತು, ದಾರಿ ಸರಿಯಿಲ್ಲ ಬೇಡ ಅಂದ ಡ್ರೈವರನ್ನ ನಾನೇ ಜಗ್ಗಾಡಿ ಒಪ್ಪಿಸಿದೆ. ಎರೆ ಹೊಲದಲ್ಲಿ ಹುಟ್ಟಿದವನಿಗೆ ಅಷ್ಟೂ ಗೊತ್ತಾಗಬಾರದಾ? ಹಿಂದಿನ ಚಕ್ರ ಅಚ್ಚಿನ ತನಕ ಹೂತು ಹೋಯ್ತು. ಮೂರು ತಾಸು ಅಲ್ಲೇ. ಯಾರೂ ಕೆಳಗೆ ಇಳಿಯುವ ಹಾಗಿಲ್ಲ, ಯಾಕೆಂದರೆ ಸ್ವಲ್ಪ ದೂರದಲ್ಲೇ ಕಾಡೆಮ್ಮೆಗಳ ಹಿಂಡು ನಿಂತು ನಮ್ಮನ್ನೇ ನೋಡುತ್ತಿತ್ತು. ಸಿಂಹಕ್ಕಿಂತ ಇವಕ್ಕೇ ನನಗೆ ಜಾಸ್ತಿ ಭಯ ಅಂದ ಡ್ರೈವರ್. ಬೆಳಿಗ್ಗೆ ಎರಡು ಕಪ್ ಚಹಾ ಕುಡಿದಿದ್ದ ನಮ್ಮ ಅತ್ತೆಯವರ ಅವಸ್ಥೆ ನಾನು ಬರೆಯೋದಿಲ್ಲ. ಕೊನೆಗೆ ಡ್ರೈವರ್ ಒಬ್ಬನೇ ಇಳಿದು ಪೊದೆ ಕಡಿದು ಚಕ್ರದ ಕೆಳಗೆ ಹಾಕಿದ, ನಾವು ಬಂಡಿ ಹೂತಾಗ ತೊಗರಿ ಕಟ್ಟಿಗೆ ಹಾಕುತ್ತೇವಲ್ಲ ಹಾಗೆ. ಅದೂ ಸಾಲಲಿಲ್ಲ. ಲ್ಯಾಂಡ್ ಕ್ರೂಸರ್ ಅನ್ನೋ ದೊಡ್ಡ ಜೀಪೊಂದು ಬಂದು ಸರಪಳಿ ಹಾಕಿ ಎಳೆಯಿತು. ಚೀತಾ? ಅದರ ಬಾಲವೂ ಕಾಣಲಿಲ್ಲ.

ಬೀದರ್ ಅಕ್ಕ

ಮಣ್ಣಿಗಿಂತ ಮೊದಲು ಹಳದಿ ಜ್ವರದ ಲಸಿಕೆ ವಿಚಾರ ನೋಡಿ ತಮ್ಮಾ. ಕೀನ್ಯಾದಿಂದ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಆ ಸರ್ಟಿಫಿಕೇಟ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಅದಕ್ಕೆ ಬೆಲೆ. ನಮ್ಮ ಜೊತೆ ಬಂದವರೊಬ್ಬರು ಹೊರಡುವ ವಾರದಲ್ಲಿ ಹಾಕಿಸಿಕೊಂಡು, ವಾಪಸ್ ಬರುವ ತನಕ ಬೆರಳಲ್ಲಿ ದಿನ ಎಣಿಸುತ್ತಾ ಕೂತಿದ್ದರು, ಆನೆ ಬಂದರೂ ನೋಡಲಿಲ್ಲ. ಎಲ್ಲಾ ಆಸ್ಪತ್ರೆಯಲ್ಲೂ ಸಿಗೋದಿಲ್ಲ, ನಾವು ಹೈದರಾಬಾದಿಗೆ ಹೋಗಿ ಹಾಕಿಸಿಕೊಂಡೆವು. 60 ದಾಟಿದವರಿಗೆ ಈ ಲಸಿಕೆಯಿಂದ ತೊಂದರೆ ಆಗೋದು ಸ್ವಲ್ಪ ಜಾಸ್ತಿ, ಅದಕ್ಕೆ ಅಪ್ಪನವರನ್ನ ಮೊದಲು ಡಾಕ್ಟರಿಗೆ ತೋರಿಸಿ, ಟಿಕೆಟ್ ಆಮೇಲೆ. ಮತ್ತೆ ಸ್ವೆಟರ್ ಮರೆಯಬೇಡಿ. ಮಾರಾ ಇರೋದು 1,500 ಮೀಟರಿಗಿಂತ ಮೇಲೆ, ಬೆಳಗಿನ ಜಾವ ಹಲ್ಲು ಕಟಕಟ ಅನ್ನುತ್ತವೆ.

ಸುರಪುರ ಸುತ್ತಾಟ

ಜೇವರ್ಗಿ ಅಣ್ಣ ಹೇಳಿದ್ದು ಸರಿ, ಆದರೆ ಆಗಸ್ಟ್‌ನಲ್ಲಿ ಹೋದರೆ ಸ್ವರ್ಗ ಅಂತಲೂ ತಿಳಿಯಬೇಡಿ. ಜುಲೈಯಿಂದ ಅಕ್ಟೋಬರ್‌ವರೆಗೆ ಪಕ್ಕದ ಟಾಂಜಾನಿಯಾದ ಸೆರೆಂಗೆಟಿ ಕಡೆಯಿಂದ ವೈಲ್ಡ್‌ಬೀಸ್ಟ್ ಅನ್ನೋ ದೊಡ್ಡ ಹುಲ್ಲೆಗಳ ಹಿಂಡು ಬರುತ್ತವಲ್ಲ, ಅವು ಮಾರಾ ನದಿ ದಾಟೋದನ್ನ ನೋಡಬೇಕು ಅಂತ ನಾಲ್ಕು ತಾಸು ದಂಡೆಯಲ್ಲಿ ಕಾದೆವು. ಸಾವಿರಾರು ಬಂದವು, ನೀರಿನ ತನಕ ಬಂದವು, ಮೂಸಿ ನೋಡಿದವು, ತಿರುಗಿ ಹೋದವು. ಸುತ್ತ ಗಾಡಿಗಳು ಎಷ್ಟಿದ್ದವು ಅಂದರೆ ಶರಣಬಸವೇಶ್ವರ ಜಾತ್ರೆ ನೆನಪಾಯ್ತು. ಇದರ ಬದಲು ಚಳಿಗಾಲದಲ್ಲಿ ಬೋನಾಳ ಕೆರೆ ಬಾತುಗಳೇ ವಾಸಿ, ಕಾಯಿಸದೆ ನೀರಿಗೆ ಇಳಿಯುತ್ತವೆ!

ಇನ್ನೊಂದು, ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬಂದ್. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲಾ ಬಟ್ಟೆ ಚೀಲಕ್ಕೆ ಹಾಕಿಕೊಂಡೆ. ಟೆಂಟಿನ ಜಿಪ್ ಪೂರ್ತಿ ಎಳೆದಿರಲಿಲ್ಲ. ಮಂಗವೊಂದು ಚೀಲ ಸಮೇತ ಮರ ಹತ್ತಿ, ಹಿಂಡಿ ಬಾಯಿಗೆ ಹಾಕಿ, ಖಾರ ಹತ್ತಿ, ಚೀಲ ನಮ್ಮ ಮೇಲೇ ಎಸೆಯಿತು. ರೊಟ್ಟಿ ಮಾತ್ರ ಬಿಡಲಿಲ್ಲ.

ಕಲಬುರಗಿ ಬಿಸಿಲು

ಎಲ್ಲರಿಗೂ ಥ್ಯಾಂಕ್ಸ್. ಏಪ್ರಿಲ್ ಕೈಬಿಟ್ಟೆ. ದಸರಾ ರಜೆಗೆ ನೋಡುತ್ತೇವೆ, ಅಕ್ಟೋಬರ್ ಮೊದಲ ವಾರ. ಅಪ್ಪನಿಗೆ ಡಾಕ್ಟರ್ ಹತ್ತಿರ ಸೋಮವಾರಕ್ಕೆ ನಂಬರ್ ಹಚ್ಚಿದ್ದೇನೆ. ಒಂದೇ ಪ್ರಶ್ನೆ ಉಳಿದಿದೆ: ಏಜೆಂಟ್ ಕಳಿಸಿದ ಫೋಟೊದಲ್ಲಿ ಲ್ಯಾಂಡ್ ಕ್ರೂಸರೇ ಇದೆ, ಅಷ್ಟು ಸಾಕಲ್ವಾ?

ಜೇವರ್ಗಿ ತೊಗರಿ

ಸಾಲದು. ನನಗೂ ಫೋಟೊದಲ್ಲಿ ಕ್ರೂಸರೇ ಇತ್ತು, ನೈರೋಬಿಯಲ್ಲಿ ನಿಂತಿದ್ದು ವ್ಯಾನು. ದುಡ್ಡು ಕಟ್ಟುವ ಮೊದಲು ಗಾಡಿ ಯಾವುದು ಅಂತ ಬರೆಸಿಕೊಳ್ಳಿ.